ನೆಲ್ಸನ್ ಮತ್ತು ಸೀನಿಯಾರಿಟಿ ಪಟ್ಟಿ

ಕೇಳುಗರೇ, ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ವಿಷಯ ಎತ್ತಿದಾಗಲೆಲ್ಲ ಪತ್ರಗಳಲ್ಲಿ ಅದೇ ಕೊರಗು: ಸೋದರಮಾವನ ಶಿಫಾರಸಿನಿಂದ ಮೇಲೆ ಬಂದವನಲ್ಲವೇ ಅವನು, ಶಿಫಾರಸಿಲ್ಲದ ನಮ್ಮ ಮಕ್ಕಳ ಗತಿಯೇನು? ಟ್ರಫಾಲ್ಗರ್ ನೌಕಾ ಕದನದ ಕಥೆ ನಿಮಗೆ ಗೊತ್ತೇ ಇದೆ, ಅದಿರಲಿ.

ಮಾವನ ಕೈ ಇದ್ದದ್ದು ನಿಜ. 1771ರಲ್ಲಿ ಹನ್ನೆರಡರ ಹುಡುಗನನ್ನು ತನ್ನ ಹಡಗಿಗೆ ಸೇರಿಸಿಕೊಂಡವನು ಮಾರಿಸ್ ಸಕ್ಲಿಂಗ್. 1777ರ ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲೂ ಅದೇ ಮಾವ! ಆದರೆ 1778ರಲ್ಲಿ ಅವನು ತೀರಿಕೊಂಡ. ನೆಲ್ಸನ್ ಪೂರ್ಣ ಕ್ಯಾಪ್ಟನ್ ಆದದ್ದು ಮರುವರ್ಷ ಜೂನ್‌ನಲ್ಲಿ, ಇಪ್ಪತ್ತರ ವಯಸ್ಸಿಗೆ.

ಅಲ್ಲಿಂದಾಚೆಗೆ ಎಲ್ಲವೂ ಆಗಿನ ಸೀನಿಯಾರಿಟಿ ಪಟ್ಟಿಯ ಕೆಲಸ. ಕ್ಯಾಪ್ಟನ್ ಆದ ದಿನ ಹೆಸರು ಪಟ್ಟಿಯ ತಳಕ್ಕೆ ಸೇರುತ್ತಿತ್ತು. ಮೇಲಿನವರು ಸತ್ತರೆ, ಅಡ್ಮಿರಲ್ ಆದರೆ, ನೀವು ಒಂದು ಮೆಟ್ಟಿಲು ಮೇಲೆ. ಯುದ್ಧ ಗೆದ್ದರೂ ಮೇಲಿನವನನ್ನು ಹಾರಿ ಹೋಗುವಂತಿರಲಿಲ್ಲ. ಬೇಡವಾದವನನ್ನೂ ಹಡಗಿಲ್ಲದ ಅಡ್ಮಿರಲ್ ಎಂದು ಕರೆದು ಬದಿಗೆ ಸರಿಸುತ್ತಿದ್ದರು, ಅಷ್ಟೇ. ಮತ್ತೊಮ್ಮೆ ಹೇಳುತ್ತೇನೆ, ಲೆಕ್ಕಕ್ಕೆ ಬರುತ್ತಿದ್ದುದು ಕ್ಯಾಪ್ಟನ್ ಆದ ತಾರೀಖು. ಗೆಳೆಯ ಕಾಲಿಂಗ್‌ವುಡ್ ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು. ಕ್ಯಾಪ್ಟನ್ ಆದದ್ದು ನೆಲ್ಸನ್‌ಗಿಂತ ಒಂಬತ್ತು ತಿಂಗಳು ತಡವಾಗಿ. ಇಪ್ಪತ್ತೈದು ವರ್ಷದ ಮೇಲೆ, 1805ರಲ್ಲಿ ಟ್ರಫಾಲ್ಗರ್‌ನಲ್ಲಿ, ಅವನು ನೆಲ್ಸನ್‌ನ ಕೈಕೆಳಗೇ ಇದ್ದ.

ಹಡಗು ಕೊಡುವುದು ಮಾತ್ರ ನೌಕಾಪಡೆಯ ಆಡಳಿತವಾದ ಅಡ್ಮಿರಾಲ್ಟಿಯ ಮರ್ಜಿಯಾಗಿತ್ತು. 1788ರಿಂದ ಐದು ವರ್ಷ ನೆಲ್ಸನ್ ಅರ್ಧ ಸಂಬಳದಲ್ಲಿ ನಾರ್ಫೋಕ್‌ನ ಹಳ್ಳಿಯಲ್ಲಿ ಕೂತಿದ್ದ, ಬರೆದ ಅರ್ಜಿಗಳಿಗೆ ಫಲವಿರಲಿಲ್ಲ. ಆಗಲೂ ಪಟ್ಟಿಯಲ್ಲಿ ಹೆಸರು ಏರುತ್ತಲೇ ಇತ್ತು. ಸೇಂಟ್ ವಿನ್ಸೆಂಟ್ ಕದನದ ಸಾಹಸಕ್ಕೆ ಅಡ್ಮಿರಲ್ ಪದವಿ ಸಿಕ್ಕಿತೆಂದು ಕಾಲೇಜೊಂದರ ಸಭೆಯಲ್ಲಿ ಒಬ್ಬರು ನನ್ನೊಡನೆ ಹಟಕ್ಕೇ ಬಿದ್ದರು. ಸ್ವಾಮಿ, ಕದನ 1797ರ ಫೆಬ್ರವರಿ 14ಕ್ಕೆ. ಬಡ್ತಿಯ ತಾರೀಖು ಫೆಬ್ರವರಿ 20. ಗೆಲುವಿನ ಸುದ್ದಿ ಲಂಡನ್ ಮುಟ್ಟಿದ್ದು ಮಾರ್ಚ್‌ನಲ್ಲಿ! ಬಡ್ತಿ ಕೊಟ್ಟದ್ದು ಪಟ್ಟಿ, ಸಾಹಸಕ್ಕೆ ಸಿಕ್ಕಿದ್ದು ಆರ್ಡರ್ ಆಫ್ ದ ಬಾತ್ ನೈಟ್ ಗೌರವ.

  

ಇನ್ನು ಶಿಫಾರಸಿಲ್ಲವೆಂದು ಕೊರಗುವ ತಂದೆತಾಯಂದಿರಿಗೆ ಎರಡು ಮಾತು. ನಮ್ಮ ನೌಕಾಪಡೆಗೆ ಎನ್‌ಡಿಎ ಮೂಲಕ ಹೋಗುವವರಿಗೆ ಯುಪಿಎಸ್‌ಸಿ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ ಸಂದರ್ಶನ. ಅಲ್ಲಿ ಮಾವಂದಿರನ್ನು ಹುಡುಕಬೇಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಬೇರೆ ವಿಭಾಗಕ್ಕೆ ಸೇರಿಸಿದ ಮೇಲೆ ನನಗೆ ಪತ್ರ ಬರೆದರೆ ನಾನೇನೂ ಮಾಡಲಾರೆ.