ಹಿವಾಸದ ಮಕ್ಕಳೂ ಕಡಲಾಮೆಯೂ



ಜಪಾನು ದೇಶದ ಶಿಕೋಕು ದ್ವೀಪದ ಕಡಲಂಚಿನಲ್ಲಿ ಹಿವಾಸ ಎಂಬ ಚಿಕ್ಕ ಊರಿರುವುದು. ಆ ದ್ವೀಪವನ್ನು ಪ್ರದಕ್ಷಿಣೆ ಬರುವ ಯಾತ್ರಿಕರು ದರ್ಶನಮಾಡತಕ್ಕ 88 ಬೌದ್ಧ ದೇವಾಲಯಗಳಲ್ಲಿ 23ನೆಯದಾದ ಯಾಕುಓಜಿ ಇಲ್ಲಿಯದೇ. ಯಾತ್ರಿಕರಿಗೆ ಚಿರಪರಿಚಿತವಾದ ಈ ಊರಿನ ಹೆಸರನ್ನು ಪ್ರಾಣಿಶಾಸ್ತ್ರಜ್ಞರಲ್ಲಿಯೂ ಹಬ್ಬಿಸಿದವರು ಅಲ್ಲಿಯ ಪಾಠಶಾಲೆಯ ಮಕ್ಕಳು.

1950ನೆಯ ಇಸವಿಯ ಬೇಸಗೆ. ಯುದ್ಧದಲ್ಲಿ ಸೋತ ದೇಶವು ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲ. ಊರ ಮುಂದಣ ಓಹಾಮ ಮರಳದಂಡೆಗೆ ಬಂದಿದ್ದ ಕಡಲಾಮೆಯೊಂದನ್ನು ಯಾರೋ ಕೊಂದು ಮಾಂಸವನ್ನು ಕೊಯ್ದುಕೊಂಡು ಹೋಗಿದ್ದರು. ಅದರ ಕಳೇಬರವು ಹಿವಾಸ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದಿತು. ಕೊಂದವರನ್ನು ಹಳಿಯುವುದು ಸುಲಭ; ಹಸಿವಿನ ಕಾಲದಲ್ಲಿ ಹಾಗೆ ಹಳಿಯುವುದು ಎಷ್ಟುಮಟ್ಟಿಗೆ ನ್ಯಾಯವೆಂಬುದು ಬೇರೆಯ ಮಾತು. ಮಕ್ಕಳಾದರೋ ತಮ್ಮ ವಿಜ್ಞಾನದ ಉಪಾಧ್ಯಾಯರೊಡಗೂಡಿ, ಈ ಪ್ರಾಣಿಯು ಎಂತಹುದು, ಇದರ ಬಾಳಿನ ಕ್ರಮವೇನು ಎಂಬುದನ್ನು ಅರಿಯಲು ತೊಡಗಿದರು.

ಅಲ್ಲಿಗೆ ಬರುವುದು ಕೆಂಗಂದು ಚಿಪ್ಪಿನ, ದೊಡ್ಡ ತಲೆಯ ಜಾತಿಯ ಆಮೆ. ಬೇಸಗೆಯ ರಾತ್ರಿಗಳಲ್ಲಿ ಹೆಣ್ಣಾಮೆಯು ನೀರಿನಿಂದ ಮೇಲೇರಿ, ಹಿಂಗಾಲುಗಳಿಂದ ಮರಳನ್ನು ತೋಡಿ, ನೂರಕ್ಕೂ ಮಿಗಿಲಾಗಿ ಮೊಟ್ಟೆಗಳನ್ನಿಟ್ಟು, ಗುಂಡಿಯನ್ನು ಮುಚ್ಚಿ, ಹಿಂದಿರುಗಿ ನೋಡದೆ ಕಡಲಿಗೆ ಇಳಿಯುವುದು. ಕೂರ್ಮವು ತನ್ನ ಮರಿಗಳನ್ನು ನೆನಹುಮಾತ್ರದಿಂದಲೇ ಪೋಷಿಸುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಗುರುಕೃಪೆಗೆ ಅದು ಸೊಗಸಾದ ಉಪಮೆ. ಉಪಮೆಯಾಗಿ ಅದಕ್ಕೆ ಯಾವ ಕುಂದೂ ಇಲ್ಲ. ಆದರೆ ಮೊಟ್ಟೆಗೆ ಕಾವು ಕೊಡುವುದು ಬಿಸಿಲಿನಿಂದ ಕಾದ ಮರಳು. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬೀಳುವುವು. ಆ ಮರಳಿನ ಉಷ್ಣವು ಸುಮಾರು 29 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣುಮರಿಗಳೇ ಹೆಚ್ಚಾಗುವುವು, ಕೆಳಗಿದ್ದರೆ ಗಂಡು; ಇದು ವಿದ್ವಾಂಸರಿಗೆ ತಿಳಿದುಬಂದುದು ಅನಂತರದ ಕಾಲದಲ್ಲಿ.

ಮಕ್ಕಳು ದಂಡೆಗೆ ಏರಿಬಂದ ಆಮೆಗಳನ್ನು ಎಣಿಸಿದರು. ಮೊಟ್ಟೆಯೊಡೆದ ಮರಿಗಳನ್ನು ಸಾಕಿ ಅವುಗಳ ಬೆಳವಣಿಗೆಯನ್ನು ಗಮನಿಸಿದರು. 1950ರಲ್ಲಿಯೇ ಹುಟ್ಟಿದ ಒಂದು ಮರಿಗೆ ಹಮಾತಾರೋ ಎಂದು ಹೆಸರಾಯಿತು. ಆಗ ಅಂಗೈಯಗಲವೂ ಇಲ್ಲದಿದ್ದ ಆ ಜೀವವು ಎಪ್ಪತ್ತು ವರ್ಷಗಳನ್ನು ಮೀರಿ ಬದುಕಿತು. ಇದರಲ್ಲಿ ಕೌತುಕಕ್ಕಿಂತ ಹೆಚ್ಚಿನದೊಂದು ಉಂಟು. ಬೆಳೆದ ಕಡಲಾಮೆಯ ವಯಸ್ಸನ್ನು ಅದರ ಚಿಪ್ಪನ್ನು ನೋಡಿ ಹೇಳಲಾಗದು. ಹುಟ್ಟಿದ ವರ್ಷವು ನಿಶ್ಚಯವಾಗಿ ತಿಳಿದಿರುವ ಮುದಿ ಆಮೆಗಳು ಅತಿ ವಿರಳ. ಈ ಆಮೆಯ ಸಾಕ್ಷ್ಯದ ಬೆಲೆಯು ಇರುವುದು ಅಲ್ಲಿಯೇ.

ಎಣಿಕೆಯ ಬೆಲೆಯಾದರೋ ಇನ್ನೂ ದೊಡ್ಡದು. ಮಾಧ್ಯಮಿಕ ಶಾಲೆಯಲ್ಲಿ ವಿದ್ಯಾರ್ಥಿಯು ಇರುವುದು ಮೂರು ವರ್ಷ. ಈ ಆಮೆಯು ಪ್ರಾಯಕ್ಕೆ ಬರಲು ಮೂವತ್ತು ವರ್ಷಗಳಷ್ಟು ಬೇಕಾಗಬಹುದು. ಒಬ್ಬ ವಿದ್ಯಾರ್ಥಿಯ ಕಾಲದಲ್ಲಿ ಒಂದು ಆಮೆಯ ಬಾಳು ತಿಳಿಯುವ ಸಂಭವವೇ ಇಲ್ಲ. ಈ ತರಗತಿಯವರು ತೊಡಗಿದುದನ್ನು ಮುಂದಿನವರು ಕೈಕೊಂಡರು, ಶಾಲೆಯ ಹೊರಗಿನವರೂ ಕೈಗೂಡಿಸಿದರು. ಹೀಗೆ ಓಹಾಮದ ಲೆಕ್ಕವು ಜಗತ್ತಿನ ಕಡಲಾಮೆಯ ಲೆಕ್ಕಗಳಲ್ಲಿ ಅತಿ ದೀರ್ಘವಾದವುಗಳ ಸಾಲಿಗೆ ಸೇರಿತು. 1967ರಲ್ಲಿ ಆ ದಂಡೆಯ ಆಮೆಗಳನ್ನೂ ಅವು ಮೊಟ್ಟೆಯಿಡುವ ನೆಲವನ್ನೂ ಅಲ್ಲಿಯ ಸರಕಾರವು ರಕ್ಷಿತವೆಂದು ಸಾರಿತು. 1985ರಲ್ಲಿ ದಂಡೆಯ ಬಳಿಯಲ್ಲಿ ಕಡಲಾಮೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವು ತೆರೆಯಿತು. ಹಮಾತಾರೋ ಅಲ್ಲಿಯ ನಿವಾಸಿಯಾಯಿತು.

ದಂಡೆಯನ್ನು ಕಾಪಾಡಿದಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದನ್ನೂ ಆ ಲೆಕ್ಕವೇ ತೋರಿಸಿತು. ಓಹಾಮಕ್ಕೆ ಬರುವ ಆಮೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳವಾಗಿ ಕಡಮೆಯಾದುವು. ಜಪಾನಿನಲ್ಲಿ ಹುಟ್ಟಿದ ಮರಿಗಳಲ್ಲಿ ಹಲವು ಪೆಸಿಫಿಕ್ ಮಹಾಸಾಗರವನ್ನು ದಾಟಿ ಮೆಕ್ಸಿಕೋ ದೇಶದ ಪಡುವಣ ಕರಾವಳಿಯಲ್ಲಿ ಬೆಳೆಯುವುವು. 1996ರಲ್ಲಿ ಅಲ್ಲಿ ಬೆನ್ನಿಗೆ ಯಂತ್ರವನ್ನು ಕಟ್ಟಿ ಬಿಟ್ಟ ಅಡೆಲೀಟಾ ಎಂಬ ಆಮೆಯು ಒಂದು ವರ್ಷಕ್ಕೆ ಮಿಕ್ಕು ಈಜಿ, 1997ರಲ್ಲಿ ಜಪಾನಿನ ಕಡಲಿಗೆ ಹಿಂದಿರುಗಿತು. ಅಷ್ಟು ದೂರದ ಹಾದಿಯುದ್ದಕ್ಕೂ ಮೀನುಬಲೆಗಳೂ ಗಾಳದ ಸಾಲುಗಳೂ ಇರುವುವು. ಹಿವಾಸದ ಮರಳಿನಲ್ಲಿ ಸುರಕ್ಷಿತವಾಗಿ ಹುಟ್ಟಿದುದು ಮತ್ತೊಂದು ದೇಶದ ಬೆಸ್ತನ ಬಲೆಯಲ್ಲಿ ಉಸಿರುಗಟ್ಟಿ ಸಾಯಬಹುದು. ಆ ಬೆಸ್ತನಿಗೂ ಹೊಟ್ಟೆಯಿರುವುದು.