ತೂತಿನ ದುಡ್ಡನ್ನು ತಿಕ್ಕಬೇಡಿ

ದೀಪಾವಳಿ ಹತ್ತಿರ ಬಂತೆಂದರೆ ಅಣ್ಣಿಗೇರಿಯ ಮನೆಗಳಲ್ಲಿ ದೇವರ ಜಗಲಿಯ ತಂಬಿಗೆ, ಆರತಿ ತಟ್ಟೆಗಳೆಲ್ಲ ಹಿತ್ತಲಿಗೆ ಬರುತ್ತವೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರ ಫಳಫಳ ಹೊಳೆಯುತ್ತದೆ. ಲಕ್ಷ್ಮೀಪೂಜೆಗೆ ಇಡುವ ಹಳೆಯ ದುಡ್ಡುಗಳೂ ಎಷ್ಟೋ ಸಲ ಅವುಗಳ ಜೊತೆಗೇ ಇರುತ್ತವೆ. ಅವುಗಳಲ್ಲಿ ನಡುವೆ ತೂತಿರುವ ದುಡ್ಡು ಇದೆಯೇ ಎಂದು ಅಜ್ಜಿಯನ್ನು ಕೇಳಿ ನೋಡಿ.

ಇದ್ದರೆ, ಅಂಚನ್ನಷ್ಟೇ ಹಿಡಿದು ಬೆಳಕಿಗೆ ಒಡ್ಡಿ. ಅದರ ಮೇಲೆ ರಾಜನ ಮುಖವಿಲ್ಲ, ಬರೀ ಕಿರೀಟವಿದೆ. ಇಸವಿ 1943ರಿಂದ 1947ರೊಳಗೆ ಯಾವುದಾದರೂ ಇರುತ್ತದೆ. ಇದು ಒಂದು ಪೈಸೆ. ಆಗ ರೂಪಾಯಿಗೆ 64 ಪೈಸೆ. ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ.

ತೂತು ಯಾಕೆ? ಎರಡನೇ ಮಹಾಯುದ್ಧ ನಡೆದಿತ್ತು. ಬಂದೂಕಿನ ತೋಟಾಗಳನ್ನು ಹಿತ್ತಾಳೆಯಿಂದ ಮಾಡುತ್ತಿದ್ದರು, ಹಿತ್ತಾಳೆಗೆ ತಾಮ್ರ ಬೇಕೇ ಬೇಕು. ಮೊದಲಿನ ಕಾಲಾಣೆ, ಅಂದರೆ ಇದೇ ಒಂದು ಪೈಸೆ ಬೆಲೆಯ ನಾಣ್ಯ, ಸುಮಾರು 4.9 ಗ್ರಾಂ ತೂಗುತ್ತಿತ್ತು. ತೂತಿನ ದುಡ್ಡು ತೂಗುವುದು ಸುಮಾರು 2 ಗ್ರಾಂ. ಅರ್ಧಕ್ಕಿಂತ ಹೆಚ್ಚು ಲೋಹ ಉಳಿಯಿತು!

ಅದೇ 1943ರಲ್ಲಿ ಅಮೆರಿಕಕ್ಕೂ ಅದೇ ಚಿಂತೆ. ಅವರು ತಮ್ಮ ಒಂದು ಸೆಂಟನ್ನು, ಜನ ಪೆನ್ನಿ ಎನ್ನುವ ನಾಣ್ಯವನ್ನು, ಸತುವಿನ ಲೇಪ ಕೊಟ್ಟ ಉಕ್ಕಿನಲ್ಲಿ ಟಂಕಿಸಿದರು. ಆದರೆ ಕೆಲವೇ ಕೆಲವು ತಾಮ್ರದ ಬಿಲ್ಲೆಗಳು ಯಂತ್ರದಲ್ಲಿ ಉಳಿದುಬಿಟ್ಟಿದ್ದವು. ಹಾಗೆ ಅಚ್ಚಾದ 1943ರ ತಾಮ್ರದ ಪೆನ್ನಿಗೆ ಇಂದು ಲಕ್ಷಾಂತರ ರೂಪಾಯಿ. ಉಕ್ಕಿನ ಪೆನ್ನಿಗೆ ತಾಮ್ರದ ಲೇಪ ಬಳಿದು ಮೋಸ ಮಾಡುವವರೂ ಇದ್ದಾರೆ. ಅದನ್ನು ಹಿಡಿಯಲು ಒಂದು ಅಯಸ್ಕಾಂತ ಸಾಕು. ಉಕ್ಕು ಅಂಟುತ್ತದೆ, ತಾಮ್ರ ಅಂಟುವುದಿಲ್ಲ. ನಿಮ್ಮ ತೂತಿನ ದುಡ್ಡು ಕಂಚಿನದು, ಅದೂ ಅಂಟುವುದಿಲ್ಲ, ಪರೀಕ್ಷಿಸಿ ನೋಡಿ.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಳೆಯಲೂ ಒಂದು ಕ್ರಮವಿದೆ. ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗಾಗಿ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದ. ಈಗ ಬೇರೆ ಬೇರೆ ದೇಶಗಳ ನಾಣ್ಯಗಳಿಗೂ ಅದೇ ನಡೆಯುತ್ತದೆ. ಕೈಯಿಂದ ಕೈಗೆ ಓಡಾಡುವ ನಾಣ್ಯದಲ್ಲಿ ಉಬ್ಬಿದ ಭಾಗವೇ ಮೊದಲು ಸವೆಯುತ್ತದೆ. ಭೂತಗನ್ನಡಿ ಹಿಡಿದು ನಿಮ್ಮ ನಾಣ್ಯದ ಕಿರೀಟವನ್ನು ನೋಡಿ. ಅದರ ಸಣ್ಣ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಅದು ಹೆಚ್ಚು ಸಂತೆ ಸುತ್ತಿಲ್ಲ. ಕಿರೀಟ ಬರೀ ಉಬ್ಬಾಗಿ ಉಳಿದಿದ್ದರೆ ತುಂಬಾ ಕೈ ದಾಟಿದೆ.

ಇನ್ನು ನಾಣ್ಯದ ಮೇಲಿನ ಕಂದು ಬಣ್ಣ. ಅದು ಕೊಳೆಯಲ್ಲ. ಕಂಚಿನಲ್ಲಿರುವ ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ತನ್ನ ಮೇಲೆ ತಾನೇ ಹೊದ್ದುಕೊಂಡ ತೆಳುವಾದ ಆಕ್ಸೈಡಿನ ಪದರ. ಒಳಗಿನ ಲೋಹವನ್ನು ಕಾಯುತ್ತದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಈ ಪದರವನ್ನು ಕರಗಿಸುತ್ತದೆ. ಆ ಪದರದಲ್ಲಿದ್ದ ತಾಮ್ರ ನಾಣ್ಯದ್ದೇ ಅಲ್ಲವೇ? ಅದೂ ನೀರಿನೊಡನೆ ಹೋಗುತ್ತದೆ. ಬೂದಿ ಹಾಕಿ ತಿಕ್ಕಿದರಂತೂ ಅಕ್ಷರದ ಅಂಚೇ ಮೊಂಡಾಗುತ್ತದೆ. ಸಂಗ್ರಹಕಾರರು ತಿಕ್ಕಿದ ನಾಣ್ಯವನ್ನು ಒಂದೇ ನೋಟಕ್ಕೆ ಗುರುತಿಸಿ ಬೆಲೆ ಇಳಿಸುತ್ತಾರೆ. ಅವರು ಮಾಡುವುದು ಸರಿಯೇ, ಏಕೆಂದರೆ ಹೋದ ಗೆರೆ ಮತ್ತೆ ಬರುವುದಿಲ್ಲ.

ಬೆವರಿನ ಉಪ್ಪೂ ತಾಮ್ರಕ್ಕೆ ಆಗದು. ಮುಟ್ಟಿದ ಬೆರಳಿನ ಗುರುತು ವರ್ಷಗಟ್ಟಲೆ ಉಳಿದೀತು. ತಿಳಿಹಸಿರು ಪುಡಿ ಉದುರುತ್ತಿದ್ದರೆ ಆ ನಾಣ್ಯವನ್ನು ಬೇರೆಯೇ ಇಡಿ. ಉಳಿದವನ್ನು ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಇಸವಿ ಮತ್ತು ಅದು ಯಾರಿಂದ ಬಂತು ಎಂದು ಬರೆಯಿರಿ.

ಮನೆಯಲ್ಲಿ ಹಳೆಯ ದುಡ್ಡು ಇಲ್ಲವೆಂದು ಬೇಸರ ಬೇಡ. ಅಂಗಡಿಯವರು ಕೊಟ್ಟ ಚಿಲ್ಲರೆಯಿಂದಲೇ ಸಂಗ್ರಹ ಶುರುಮಾಡಬಹುದು. ಇಸವಿಯ ಕೆಳಗೆ ನೋಡಿ: ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದಾಕಾರವಿದ್ದರೆ ಮುಂಬೈ, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆಯದು.