ಕಪ್ಪು ಬಿಳುಪಿನ ಫಿಲ್ಮು



ಕಣ್ಣಿಗೆ ಸೇರಿದ ವಿಷಯವನ್ನು ಕಿವಿಯ ಮೂಲಕ ಒಪ್ಪಿಸಹೊರಡುವುದು ಸ್ವಲ್ಪ ಸಾಹಸದ ಕಾರ್ಯವೇ ಸರಿ. ಚಿತ್ರವೊಂದನ್ನು ಎತ್ತಿ ಹಿಡಿದು ತೋರಿಸುವ ಅನುಕೂಲ ರೇಡಿಯೋವಿನಲ್ಲಿ ಮಾತನಾಡುವವನಿಗೆ ಇಲ್ಲ. ಆದರೆ ಈ ಹೊತ್ತು ನಾನು ಹೇಳಬೇಕೆಂದಿರುವುದು ಚಿತ್ರಗಳ ವಿಚಾರ ಮಾತ್ರವೇ ಅಲ್ಲ. ತೆಗೆದ ಚಿತ್ರವು ಇನ್ನೂ ಯಾರಿಗೂ ಕಾಣದೆ ಇರುವ ಕಾಲದ ವಿಚಾರವೂ ಹೌದು. ಆ ಕಾಲದಲ್ಲಿ ಚಿತ್ರವನ್ನು ತೆಗೆದವನಿಗೂ ನಿಮಗೂ ಹೆಚ್ಚಿನ ಅಂತರವಿಲ್ಲ.

ಈಗ ಕ್ಯಾಮರ ಇಲ್ಲದ ಜೇಬು ಅಪರೂಪವಾಗಿದೆ. ಮೊಬೈಲ್ ಫೋನನ್ನು ಎತ್ತಿ ಬೆರಳಿಟ್ಟರೆ ಸಾಕು, ಎದುರಿನ ವಸ್ತು ತನ್ನ ಎಲ್ಲ ಬಣ್ಣಗಳೊಡನೆ ಆ ಕ್ಷಣವೇ ಗಾಜಿನ ಮೇಲೆ ಮೂಡುತ್ತದೆ. ಮೆಚ್ಚಿಗೆಯಾಗದಿದ್ದರೆ ಅಳಿಸಿ ಇನ್ನೊಂದು ತೆಗೆಯಬಹುದು. ಕಾಯುವ ಕಷ್ಟವಿಲ್ಲ, ಕೈ ಕೊಳೆಯಾಗುವ ಭಯವಿಲ್ಲ. ಹೀಗಿರುವಾಗ, 36 ಚಿತ್ರಗಳಿಗೆ ಮುಗಿದುಹೋಗುವ ಫಿಲ್ಮಿನ ಸುರುಳಿಯನ್ನು ದುಬಾರಿ ಬೆಲೆಗೆ ಕೊಂಡು, ಸ್ನಾನದ ಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ತಡಕಾಡುವ ಜನ ಇನ್ನೂ ಇದ್ದಾರೆಂದರೆ ಅದಕ್ಕೆ ಏನೆನ್ನೋಣ? ನನ್ನಂಥ ವಯಸ್ಸಾದವರ ವಿಷಯದಲ್ಲಿ ಹಳೆಯ ಚಟವೆಂದು ಹೇಳಿ ಮುಗಿಸಬಹುದು. ಆದರೆ ಫಿಲ್ಮಿನ ಕಾಲ ಮುಗಿದ ಮೇಲೆ ಹುಟ್ಟಿದ, ಇಪ್ಪತ್ತರ ಪ್ರಾಯದ ಹುಡುಗ ಹುಡುಗಿಯರೂ ಹೀಗೆ ತಡಕಾಡುತ್ತಿರುವುದನ್ನು ಕಂಡಿದ್ದೇನೆ. ಅವರಿಗೆ ನೆನಪಿಸಿಕೊಂಡು ಮರುಗಲು ಹಳೆಯ ಕಾಲವೆಂಬುದೇ ಇಲ್ಲ. ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಬಣ್ಣದ ಫಿಲ್ಮು ಬಂದಾಗಲೇ ಕಪ್ಪು ಬಿಳುಪಿನ ಆಯುಷ್ಯ ಮುಗಿಯಿತೆಂದು ಭಾವಿಸಿದವರಿದ್ದರು. ಕೊಡಕ್ ಸಂಸ್ಥೆಯ ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮು 1935ರಲ್ಲಿ ಹೊರಬಂದಿತು. ಅದರ ಬಣ್ಣಗಳ ಸೊಗಸನ್ನು ಕಂಡವರು ಈಗಲೂ ಹೊಗಳುತ್ತಾರೆ. ಆದರೂ ಮೊದಲು ಕಣ್ಮರೆಯಾದುದು ಆ ಬಣ್ಣದ ಫಿಲ್ಮೇ. 2009ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. 2010ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿದ್ದ ಕಟ್ಟಕಡೆಯ ಸಂಸ್ಕರಣಶಾಲೆಯೂ ಅದನ್ನು ಸ್ವೀಕರಿಸುವುದನ್ನು ಬಿಟ್ಟಿತು. ಅತ್ತ ಇಂಗ್ಲೆಂಡಿನಲ್ಲಿ, 1879ರಿಂದ ನಡೆದುಬಂದ ಇಲ್ಫರ್ಡ್ ಸಂಸ್ಥೆ 2004ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದರೂ ಮರುವರ್ಷ ಅಲ್ಲಿಯ ವ್ಯವಸ್ಥಾಪಕರೇ ಸೇರಿ ಅದನ್ನು ಕೊಂಡು ಉಳಿಸಿದರು. ಆ ಹೆಸರಿನ ಕಪ್ಪು ಬಿಳುಪಿನ ಫಿಲ್ಮು ಈಗಲೂ ದೊರೆಯುತ್ತದೆ. ನಮ್ಮ ದೇಶದಲ್ಲಿ ಉದಕಮಂಡಲದ ಕಾರ್ಖಾನೆಯಿಂದ ಇಂದು ಎಂಬ ಚಂದ್ರನ ಹೆಸರಿನ ಫಿಲ್ಮು ಬರುತ್ತಿತ್ತು. ಆ ಕಾರ್ಖಾನೆ ಉಳಿಯಲಿಲ್ಲ, ಅದು ಬೇರೆಯ ಕಥೆ.

ಬಣ್ಣದ್ದು ಹೋಗಿ ಕಪ್ಪು ಬಿಳುಪಿನದು ಉಳಿದುದು ಹೇಗೆ? ಕೊಡಾಕ್ರೋಮ್ ಫಿಲ್ಮಿಗೆ ಬಣ್ಣಗಳನ್ನು ಊಡಿಸುತ್ತಿದ್ದುದು ಸಂಸ್ಕರಣದ ಕಾಲದಲ್ಲಿ. ಅದಕ್ಕೆ ದೊಡ್ಡ ಯಂತ್ರ ಬೇಕು, ಪಳಗಿದ ರಸಾಯನಜ್ಞ ಬೇಕು. ಯಂತ್ರ ನಿಂತ ದಿನ ಫಿಲ್ಮೂ ನಿಂತಿತು. ಕಪ್ಪು ಬಿಳುಪಿನದಕ್ಕೆ ಅಷ್ಟು ವೈಭವ ಬೇಡ. ಅದರ ಅಡಿಗೆಯನ್ನು ಮನೆಯಲ್ಲಿಯೇ ಮಾಡಬಹುದು. ಅಡಿಗೆಯೆಂದು ತಮಾಷೆಗೆ ಹೇಳಲಿಲ್ಲ. ಡಿ-76 ಎಂಬುದೊಂದು ಡೆವಲಪರ್ ಉಂಟು. 1920ರ ದಶಕದಲ್ಲಿ ಕೊಡಕ್ ಪ್ರಯೋಗಶಾಲೆಯಲ್ಲಿ ಸಿದ್ಧವಾದದ್ದು. ಒಂದು ಲೀಟರು ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಇಷ್ಟೇ. ಒಂದು ತಕ್ಕಡಿ, ಒಂದು ಶೀಷೆ, ಒಂದು ಉಷ್ಣಮಾಪಕ ಇದ್ದರೆ ಸಾಕು. ನೀರು ಸುಮಾರು 20 ಡಿಗ್ರಿ ಸೆಂಟಿಗ್ರೇಡ್ ಇರಬೇಕೆಂಬುದು ನಿಯಮ; ನಮ್ಮ ಚೈತ್ರ ವೈಶಾಖಗಳಲ್ಲಿ ನಲ್ಲಿಯ ನೀರಿಗೆ ಆ ನಿಯಮ ತಿಳಿಯದು. ಬೋಗುಣಿಯಲ್ಲಿ ಮಂಜುಗಡ್ಡೆಯ ತುಂಡುಗಳನ್ನಿಟ್ಟುಕೊಂಡು ಶೀಷೆಯನ್ನು ತಣಿಸಿ ಅದನ್ನು ಒಲಿಸಿಕೊಳ್ಳಬೇಕಾಗುತ್ತದೆ.

ಫಿಲ್ಮಿನೊಳಗೆ ನಡೆಯುವುದಾದರೂ ಏನು? ತೆಳುವಾದ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಲವಣಗಳ ಸೂಕ್ಷ್ಮವಾದ ಹರಳುಗಳು ಹರಡಿರುತ್ತವೆ. ಕ್ಯಾಮರದ ಬಾಗಿಲು ಕ್ಷಣಕಾಲ ತೆರೆದಾಗ ಬೆಳಕು ತಾಕಿದ ಹರಳಿನಲ್ಲಿ ನಾಲ್ಕಾರು ಪರಮಾಣುಗಳಷ್ಟು ಬೆಳ್ಳಿ ಬೇರ್ಪಡುತ್ತದೆ. ಕೋಟಿಗಟ್ಟಲೆ ಅಣುಗಳ ನಡುವೆ ನಾಲ್ಕಾರು! ಯಾವ ಕಣ್ಣಿಗೂ ಅದು ಕಾಣದು. ಇದನ್ನು ಗುಪ್ತಬಿಂಬವೆನ್ನುತ್ತಾರೆ. ಡೆವಲಪರ್ ಆ ಗುರುತನ್ನು ಹಿಡಿದು, ಬೆಳಕು ಕಂಡ ಹರಳನ್ನೆಲ್ಲ ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಬೆಳಕು ಕಾಣದೆ ಉಳಿದ ಲವಣವನ್ನು ಹೈಪೋ ಎಂಬ ಎರಡನೆಯ ದ್ರಾವಣ ಕರಗಿಸಿ ತೆಗೆದುಹಾಕುತ್ತದೆ. ಹೈಪೋವಿಗೆ ಬೆಳ್ಳಿಯ ಲವಣವನ್ನು ಕರಗಿಸುವ ಗುಣವಿದೆಯೆಂಬುದನ್ನು ಜಾನ್ ಹರ್ಷೆಲ್ 1819ರಲ್ಲಿಯೇ, ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾಗುವುದಕ್ಕೆ ಇಪ್ಪತ್ತು ವರ್ಷ ಮುಂಚೆ, ಕಂಡಿದ್ದರು. ಈ ಎರಡು ದ್ರಾವಣಗಳ ಅನುಕ್ರಮವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಗುಪ್ತಬಿಂಬವು ಎಷ್ಟು ಕಾಲ ಕಾಯಬಲ್ಲದು? 1897ರಲ್ಲಿ ಸ್ವೀಡನ್ನಿನ ಆಂದ್ರೆ ಎಂಬವರು ಇಬ್ಬರು ಸಂಗಡಿಗರೊಡನೆ ಉತ್ತರ ಧ್ರುವವನ್ನು ಮುಟ್ಟುವೆವೆಂದು ಬೆಲೂನಿನಲ್ಲಿ ಹೊರಟರು. ಮೂರು ದಿನ ತುಂಬುವುದರೊಳಗೆ ಬೆಲೂನು ಮಂಜಿನ ಮೇಲೆ ಇಳಿಯಿತು. ಮೂವರೂ ವಾರಗಟ್ಟಲೆ ಮಂಜಿನಲ್ಲಿ ನಡೆದು, ಕೊನೆಗೆ ಒಂದು ನಿರ್ಜನ ದ್ವೀಪದಲ್ಲಿ ತೀರಿಕೊಂಡರು. ಅವರು ಏನಾದರೆಂಬುದು ಯಾರಿಗೂ ತಿಳಿಯಲಿಲ್ಲ. 1930ರಲ್ಲಿ ಆ ದ್ವೀಪಕ್ಕೆ ಹೋದ ಹಡಗಿನವರಿಗೆ ಅವರ ದೇಹಗಳೂ ದಿನಚರಿಗಳೂ ದೊರೆತುವು. ಹುಡುಕಾಟದಲ್ಲಿ ತೊಳೆಯದೆ ಉಳಿದಿದ್ದ ಫಿಲ್ಮೂ ಸಿಕ್ಕಿತು. ತಂಡದ ಕಿರಿಯನಾದ ಸ್ಟ್ರಿಂಡ್‌ಬರ್ಗ್ ತೆಗೆದ ಚಿತ್ರಗಳವು. ಸ್ಟಾಕ್‌ಹೋಮಿನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎಂಬವರು ಅತಿ ಜಾಗರೂಕತೆಯಿಂದ ಅವನ್ನು ಡೆವಲಪ್ ಮಾಡಿದಾಗ 93 ಚಿತ್ರಗಳು ಉಳಿದುಬಂದುವು. ಮಂಜಿನ ಮೇಲೆ ಮಗ್ಗುಲಾಗಿ ಬಿದ್ದಿರುವ ಬೆಲೂನು, ಅದರ ಮುಂದೆ ಎರಡು ಕಪ್ಪು ಮನುಷ್ಯಾಕೃತಿಗಳು. ಮೂವತ್ತಮೂರು ವರ್ಷ ಆ ಬೆಳಕು ಹಾಗೆಯೇ ಮಲಗಿತ್ತು. ತೆಗೆದವನು ಮಾತ್ರ ತನ್ನ ಚಿತ್ರವನ್ನು ನೋಡಲಿಲ್ಲ.

ಇನ್ನು ಬಣ್ಣವಿಲ್ಲದಿರುವುದರ ವಿಚಾರ. ನಮ್ಮ ಹಿತ್ತಲಿನ ಕೆಂಪು ದಾಸವಾಳ ಹಸಿರೆಲೆಗಳ ನಡುವೆ ಕೂಗಿ ಕರೆಯುವಂತೆ ಕಾಣುತ್ತದೆಯಷ್ಟೆ. ಅದನ್ನೇ ಕಪ್ಪು ಬಿಳುಪಿನಲ್ಲಿ ತೆಗೆದು ನೋಡಿ. ಹೂವೂ ಎಲೆಯೂ ಹೆಚ್ಚುಕಡಮೆ ಒಂದೇ ಬೂದುಬಣ್ಣಕ್ಕೆ ಇಳಿದು, ಹೂವೆಲ್ಲಿ ಎಂದು ಹುಡುಕುವಂತಾಗುತ್ತದೆ. ಮಸೂರದ ಮುಂದೆ ಹಸಿರು ಗಾಜನ್ನು ಇಟ್ಟರೆ ಎಲೆ ಬೆಳ್ಳಗಾಗಿ ಹೂವು ಕಪ್ಪಾಗುತ್ತದೆ. ಕೆಂಪು ಗಾಜನ್ನು ಇಟ್ಟರೆ ಹೂವು ಬೆಳಗಿ ಎಲೆ ಕಪ್ಪಾಗುತ್ತದೆ. ಯಾವುದು ಬೇಕು? ಇದನ್ನು ಚಿತ್ರ ತೆಗೆಯುವ ಮೊದಲೇ ನಿಶ್ಚಯಿಸಬೇಕು, ಕಣ್ಣಿಗೆ ಕಾಣುವ ಹೂವನ್ನು ಮನಸ್ಸಿನಲ್ಲಿ ಬೂದುಬಣ್ಣಕ್ಕೆ ತಿರುಗಿಸಿಕೊಂಡು.

ಅಮೆರಿಕದ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್‌ನಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಮಹಾಶಿಲೆಯನ್ನು ಎದುರಿನಿಂದ ಚಿತ್ರಿಸಬೇಕೆಂದು ಭಾರವಾದ ಕ್ಯಾಮರವನ್ನೂ ಒಂದು ಡಜನ್ ಗಾಜಿನ ಫಲಕಗಳನ್ನೂ ಹೊತ್ತು ಹಿಮದಲ್ಲಿ ಹತ್ತಿದನು. ಬೆಳಕು ಸರಿಯಾಗಿ ಬಂಡೆಯ ಮುಖಕ್ಕೆ ಬರುವ ವೇಳೆಗೆ ಕೈಯಲ್ಲಿ ಉಳಿದಿದ್ದುವು ಎರಡೇ ಫಲಕ. ರೂಢಿಯಂತೆ ಹಳದಿ ಗಾಜನ್ನು ಇಟ್ಟು ಒಂದನ್ನು ತೆಗೆದನು. ತೆಗೆದ ಕೂಡಲೇ ಅವನಿಗೆ ಹೊಳೆಯಿತು: ಈ ಚಿತ್ರದಲ್ಲಿ ಆಕಾಶವು ಸಾಧಾರಣವಾದ ಬೂದುಬಣ್ಣದ್ದಾಗಿ ಬಂದೀತು, ತನ್ನ ಮುಂದೆ ಎದ್ದು ನಿಂತಿರುವ ಬಂಡೆಯ ಗಾಂಭೀರ್ಯ ಬಾರದು. ನೀಲಿಯನ್ನು ತಡೆಯುವ ಗಾಢವಾದ ಕೆಂಪು ಗಾಜನ್ನು ಇಟ್ಟು, ಉಳಿದ ಒಂದೇ ಫಲಕವನ್ನು ಬೆಳಕಿಗೆ ಒಡ್ಡಿದನು. ಆಕಾಶ ಬಹುಮಟ್ಟಿಗೆ ಕಪ್ಪಾಗಿ, ಅದರ ಮುಂದೆ ಬಂಡೆ ಬಂದು ನಿಂತಿತು. ಈಗ ಲೋಕವೆಲ್ಲ ಬಲ್ಲ ಚಿತ್ರ ಅದೇ. ಬೆಟ್ಟದ ಮೇಲೆ ಅವನಿಗೆ ನೋಡಲು ಏನೂ ಇರಲಿಲ್ಲ. ಕಪ್ಪು ಆಕಾಶವು ಆಗ ಅವನ ತಲೆಯೊಳಗೆ ಮಾತ್ರ ಇತ್ತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ನ್ಯಾಯವೇ. ಈಗಿನ ಕ್ಯಾಮರದಲ್ಲಿ ಬಣ್ಣದಲ್ಲಿ ತೆಗೆದು, ಆಮೇಲೆ ಮನೆಯಲ್ಲಿ ನಿಧಾನವಾಗಿ ಕುಳಿತು, ಬಣ್ಣವನ್ನು ಕಳೆದು ಆಕಾಶವನ್ನು ಬೇಕಾದಷ್ಟು ಕಪ್ಪು ಮಾಡಿಕೊಳ್ಳಬಹುದಲ್ಲ? ಬಹುದು. ಹಾಗೆ ಮಾಡಿದ ಬಹಳ ಒಳ್ಳೆಯ ಚಿತ್ರಗಳನ್ನು ನಾನು ನೋಡಿದ್ದೇನೆ; ಗೋಡೆಯ ಮೇಲೆ ತೂಗುಹಾಕಿದಾಗ ಯಾವುದು ಫಿಲ್ಮು ಯಾವುದು ಅಲ್ಲ ಎಂದು ಹೇಳಲಾರದೆ ಸೋತೂ ಇದ್ದೇನೆ. ಆದುದರಿಂದ ಫಿಲ್ಮಿನ ಚಿತ್ರವೇ ಹೆಚ್ಚು ಚೆಲುವೆಂದು ವಾದಿಸುವವರ ಪಕ್ಷಕ್ಕೆ ನಾನು ಸೇರುವುದಿಲ್ಲ. ನನಗೆ ತೋರುವಂತೆ, ವ್ಯತ್ಯಾಸವಿರುವುದು ಗೋಡೆಯ ಮೇಲಲ್ಲ, ಬೆಟ್ಟದ ಮೇಲೆ. ಒಂದು ಕಡೆ, ಆಮೇಲೆ ನೋಡಿಕೊಂಡರಾಯಿತು ಎಂಬ ಅವಕಾಶ ಸದಾ ತೆರೆದಿರುತ್ತದೆ. ಇನ್ನೊಂದು ಕಡೆ ಮಾಡಿದ್ದು ಮಾಡಿದ್ದೇ. ಅದು ಸರಿಯೋ ತಪ್ಪೋ ಎಂಬುದು ಆ ಹೊತ್ತಿಗೆ ತಿಳಿಯುವುದೂ ಇಲ್ಲ. ತಿಳಿಯದೆ ಹೊಣೆ ಹೊರುವುದರಲ್ಲಿ ಒಂದು ಬಗೆಯ ಸುಖವಿದೆ. ಆ ಇಪ್ಪತ್ತರ ಪ್ರಾಯದವರು ಬೆಲೆ ತೆತ್ತು ಕೊಳ್ಳುತ್ತಿರುವುದು ಇದನ್ನೇ ಎಂದು ನನ್ನ ಊಹೆ.

ಮೈಸೂರಿನವರಿಗೆ ಈ ಮಾತು ತೀರ ಹೊರಗಿನದಲ್ಲ. 1923ರಲ್ಲಿ ಈ ಊರಿನಲ್ಲಿ ಜನಿಸಿದ ಇಬ್ಬರು ಕಪ್ಪು ಬಿಳುಪನ್ನು ತಮ್ಮ ಭಾಷೆಯಾಗಿ ಮಾಡಿಕೊಂಡರು. ಒಬ್ಬರು ಟಿ. ಎಸ್. ಸತ್ಯನ್, ಸಾಮಾನ್ಯ ಜನರ, ಅದರಲ್ಲಿಯೂ ಮಕ್ಕಳ, ಮುಖಗಳನ್ನು ಸೆರೆಹಿಡಿದವರು. ಇನ್ನೊಬ್ಬರು ಚಲಚ್ಚಿತ್ರದ ಛಾಯಾಗ್ರಾಹಕ ವಿ. ಕೆ. ಮೂರ್ತಿ. ಗುರುದತ್ತರ 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಬರಿದಾದ ಸ್ಟುಡಿಯೋವಿನೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಸ್ತಂಭವೊಂದಿದೆ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅವರು ಅದನ್ನು ಸಾಧಿಸಿದರು. ಬಣ್ಣವಿದ್ದಿದ್ದರೆ ಆ ಬೆಳಕಿಗೆ ಏನು ಹೆಚ್ಚುತ್ತಿತ್ತೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆದಿಲ್ಲ.

ದೊಡ್ಡವರ ಗೆಲವುಗಳನ್ನು ಹೇಳಿದ ಮೇಲೆ ನನ್ನ ಸೋಲೊಂದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ತಾತನವರು ಕಟ್ಟಿಸಿದ ಮನೆಯನ್ನು ಪಾಲುದಾರರೆಲ್ಲ ಒಪ್ಪಿ ಮಾರಿದೆವು. ಕೊಂಡವರು ಅದನ್ನು ಕೆಡವುವುದಕ್ಕೆ ಮುನ್ನಾದಿನ ಕ್ಯಾಮರ ಹಿಡಿದು ಒಬ್ಬನೇ ಅಲ್ಲಿಗೆ ಹೋದೆನು. ಒಂದೇ ಸುರುಳಿ, 36 ಚಿತ್ರ. ಜಗುಲಿಯ ಕಂಬ, ತೊಟ್ಟಿಯೊಳಗೆ ಬೀಳುವ ಮಧ್ಯಾಹ್ನದ ಬಿಸಿಲು, ನಮ್ಮಜ್ಜಿ ಕುಳಿತು ಬತ್ತಿ ಹೊಸೆಯುತ್ತಿದ್ದ ಮೂಲೆ, ನಮ್ಮ ಎತ್ತರವನ್ನು ವರ್ಷವರ್ಷವೂ ಗೀಚಿಟ್ಟಿದ್ದ ಬಾಗಿಲುವಾಡ. ಒಂದೊಂದಕ್ಕೂ ಹೊತ್ತು ತೆಗೆದುಕೊಂಡೆನು. ಸಂಜೆ ಮನೆಗೆ ಬಂದು, ಆತುರದಲ್ಲಿ, ಒಂದೇ ಬಗೆಯ ಎರಡು ಶೀಷೆಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಡಬ್ಬಿಗೆ ಸುರಿದೆನು. ಅದು ಹೈಪೋ.

ನೀವು ಆ ಅನುಕ್ರಮವನ್ನು ನೆನಪಿಟ್ಟಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಡೆವಲಪರ್ ಇನ್ನೂ ಮುಟ್ಟದ ಫಿಲ್ಮಿನಲ್ಲಿ ಹೈಪೋವಿಗೆ ಎಲ್ಲವೂ ಒಂದೇ, ಲವಣವನ್ನೆಲ್ಲ ಕರಗಿಸಿತು. ಹೊರಕ್ಕೆ ತೆಗೆದಾಗ ಗಾಜಿನಂತೆ ಬರಿದಾದ ಪಟ್ಟಿ. ಚಿತ್ರಗಳ ಮಾತಿರಲಿ, ಅಂಚಿನಲ್ಲಿ ಕಾರ್ಖಾನೆಯವರು ಬೆಳಕಿನಿಂದಲೇ ಬರೆದಿಡುವ ಅಂಕೆಗಳೂ ಮೂಡಿರಲಿಲ್ಲ. ಬೆಳಗ್ಗೆ ಮತ್ತೆ ಓಡಿದೆನು. ಮುಂಭಾಗದ ಹೆಂಚುಗಳನ್ನು ಆಗಲೇ ಇಳಿಸಿದ್ದರು.

ಫೋನಿನಲ್ಲಿಯೂ ನಾಲ್ಕು ತೆಗೆದುಕೊಂಡಿದ್ದರೆ ಆಗುತ್ತಿರಲಿಲ್ಲವೆ ಎಂದು ನನ್ನ ತಂಗಿ ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ತೆಗೆದ 36ರಲ್ಲಿ ಒಂಬತ್ತೋ ಹತ್ತೋ ಕಣ್ಣಿಗೆ ಕಟ್ಟಿದಂತಿವೆ. ಉಳಿದುವು ಯಾವುವೆಂಬುದೂ ಮರೆತುಹೋಗಿದೆ. ಆ ಬರಿಯ ಪಟ್ಟಿಯನ್ನು ತೊಳೆದು ಒಣಗಿಸಿ, ಮಿಕ್ಕ ನೆಗೆಟಿವುಗಳ ಜೊತೆಯಲ್ಲಿಯೇ, ದಿನಾಂಕ ಬರೆದು ಇಟ್ಟಿದ್ದೇನೆ. ಅನಂತರವೂ ಸುರುಳಿಗಳನ್ನು ಕೊಂಡಿದ್ದೇನೆ, ತೊಳೆದಿದ್ದೇನೆ. ಈಗ ಹೈಪೋವಿನ ಶೀಷೆಯ ಕತ್ತಿಗೆ ಒಂದು ಕೆಂಪು ದಾರವನ್ನು ಕಟ್ಟಿದೆ.